ಟೆರೇಸಿನ ಮೇಲೆ ಊರು ಎಳೆದ ಮಳೆಗಾಲ

ಆಗುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ ಶಿವಲಿಂಗಪ್ಪ. ಎರಡು ಕೆಲಸಗಳಿಗೆ ಒಂದೇ ಉಸಿರಿನಲ್ಲಿ ಹಾಗೆಂದರು: ಊರಿನ ಮನೆಗಳಿಗೆ ಇಂಟರ್ನೆಟ್ ಲೈನ್ ಬರುವುದಕ್ಕೆ, ನಾನು ಬಿ.ಎ. ಮುಗಿಸುವುದಕ್ಕೆ.

"ಎರಡೂ ಆಗೂದಿಲ್ಲ ಬಿಡವಾ ಮಾದೇವಿ. ಲೈನು ನಮ್ಮೂರ ಓಣಿಗಿ ಬರೂದಿಲ್ಲ, ನೀ ಆ ಡಿಗ್ರಿ ತನಕ ಹೋಗೂದಿಲ್ಲ."

ಸಿಟ್ಟಿನ ಮಾತಲ್ಲ. ಕಲಸಿಟ್ಟ ಸಿಮೆಂಟು ಗಟ್ಟಿಯಾಗಿದೆ, ಇನ್ನು ಮುಟ್ಟಬೇಡಿ ಎಂದು ಕೆಲಸದವರಿಗೆ ಹೇಳುತ್ತಿದ್ದ ದನಿಯೇ ಅದು.

ಈ ಮಾತು ಮತ್ತೆ ಕಿವಿಗೆ ಬಿದ್ದಂತಾದದ್ದು ಕಳೆದ ವಾರ, ಮುಂಬೈಯ ವಿಕ್ರೋಳಿಯಲ್ಲಿ. ನಮ್ಮ ಆಫೀಸಿನ ಹಿಂದಿನ ಖಾಲಿ ಜಾಗದಲ್ಲಿ ಹೊಸ ಕಟ್ಟಡದ ಪಾಯಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಬೆಳಿಗ್ಗೆ ಸಣ್ಣ ಮಳೆ ಬಿತ್ತು. ಒದ್ದೆ ಸುಣ್ಣದ ವಾಸನೆಗೆ ಮೂಗಿನೊಳಗೆ ಒಂದು ಸಣ್ಣ ಉರಿ ಇರುತ್ತದೆ. ಛತ್ರಿ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಈ ಆಫೀಸಿನ ಕೆಲಸಕ್ಕೆ ಡಿಗ್ರಿ ಬೇಕಿತ್ತು. ನನ್ನ ಹತ್ತಿರ ಇತ್ತು. ನಮ್ಮ ಮನೆತನದಲ್ಲಿ ಏಳನೇ ಇಯತ್ತೆ ದಾಟಿದವರು ನನಗಿಂತ ಮುಂಚೆ ಯಾರೂ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ದೊಡ್ಡಪ್ಪ ಹಾಗೆಂದ ಕಾಲಕ್ಕೆ ನಾನು ಬೈಕುಲ್ಲಾದ ಒಂದು ಸಗಟು ದಿನಸಿ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ ಮಾಡುತ್ತಿದ್ದೆ. ಓದು ಅಂಚೆಯ ಮೂಲಕ. ತಿಂಗಳಿಗೆರಡು ಶನಿವಾರ ಕ್ಲಾಸು. ಕೊನೆಯ ವರ್ಷಕ್ಕೆ ಒಂದು ಯೋಜನಾ ವರದಿ ಇತ್ತು. ಯಾವುದಾದರೂ ಸಮುದಾಯ ಕೂಡಿ ಮಾಡುವ ಒಂದು ಕೆಲಸದಲ್ಲಿ ಮೊದಲಿನಿಂದ ಕೊನೆಯವರೆಗೆ ಇದ್ದು ಬರೆಯಬೇಕು. ಆ ಸಮುದಾಯದ ಮುಖ್ಯಸ್ಥರ ಸಹಿ, ಸಿಕ್ಕಾದ ಮೊಹರು ಇರುವ ಪ್ರಮಾಣಪತ್ರವನ್ನು ವರದಿಯ ಜೊತೆ ಲಗತ್ತಿಸಬೇಕು. ಪ್ರಮಾಣಪತ್ರ ಇಲ್ಲದಿದ್ದರೆ ವರದಿ ಇಲ್ಲ, ವರದಿ ಇಲ್ಲದಿದ್ದರೆ ಡಿಗ್ರಿ ಇಲ್ಲ. ನನಗೆ ಗೊತ್ತಿದ್ದ ಸಮುದಾಯ ಒಂದೇ, ನಮ್ಮೂರ ಗ್ರಾಮಸ್ಥ ಮಂಡಳಿ. ಅದರ ಅಧ್ಯಕ್ಷರು ದೊಡ್ಡಪ್ಪ. ಸಿಕ್ಕಾ ಇರುತ್ತಿದ್ದುದು ಅವರ ತಂಬಾಕಿನ ಡಬ್ಬಿಯ ಪಕ್ಕದ ಇನ್ನೊಂದು ಡಬ್ಬಿಯಲ್ಲಿ.

ನಮ್ಮೂರು ಸಿಂದಗಿಯ ಕಡೆ. ಮುಂಬೈಗೆ ಬಂದ ಊರಿನವರಲ್ಲಿ ಹೆಚ್ಚಿನವರು ಗೋಡೆ ಕಟ್ಟುವ ಗವಂಡಿಗಳು, ಟೈಲ್ಸ್ ಕೂಡಿಸುವವರು, ಸೆಂಟ್ರಿಂಗ್ ಕಟ್ಟುವವರು. ಆಂಟಾಪ್ ಹಿಲ್‌ನ ಒಂದು ಬಿಲ್ಡಿಂಗಿನ ತಳಮನೆಯಲ್ಲಿ ಮಂಡಳಿಯ ಒಂದು ಕೋಣೆಯ ಖೋಲಿ; ರವಿವಾರ ಅಲ್ಲಿ ಎಲ್ಲರೂ ಸೇರುತ್ತಿದ್ದರು. ನಾವಿದ್ದದ್ದು ಅದೇ ಬಿಲ್ಡಿಂಗಿನ ಎರಡನೇ ಮಾಳಿಗೆ, ದೊಡ್ಡಪ್ಪನವರು ಮೂರನೇದು. ಅಪ್ಪ ಅವರ ಕೈಕೆಳಗೇ ಟೈಲ್ಸ್ ಕೆಲಸ ಮಾಡುತ್ತಿದ್ದ.

ಊರಿನ ಪಂಚಾಯ್ತಿ ಕಚೇರಿಯ ತನಕ ಸರಕಾರದ ಕೇಬಲ್ ಬಂದು ವರ್ಷಗಳಾಗಿದ್ದವು. ಗೋಡೆಯ ಮೇಲೊಂದು ಪೆಟ್ಟಿಗೆ, ಅದರಲ್ಲೊಂದು ಹಸಿರು ದೀಪ. ಅಲ್ಲಿಂದ ಮುಂದೆ ಮನೆಗಳಿಗೆ ಏನೂ ಇರಲಿಲ್ಲ. ಅಂಗನವಾಡಿಯಲ್ಲಿ ಸಹಾಯಕಿಯಾಗಿರುವ ಗಂಗಕ್ಕ, ನನ್ನ ಸೋದರತ್ತೆಯ ಮಗಳು, ಮಕ್ಕಳ ಹಾಜರಿಯ ಫೋಟೊ ಕಳಿಸಲು ದಿನಾ ಊರ ನೀರಿನ ಟಾಕಿಯ ಮೆಟ್ಟಿಲು ಹತ್ತುತ್ತಿದ್ದಳು. ಊರಲ್ಲಿ ಸಿಗ್ನಲ್ ಸಿಗುತ್ತಿದ್ದುದು ಅಲ್ಲೊಂದೇ ಕಡೆ.

"ಹತ್ತಿ ಫೋಟೊ ಕಳಿಸಿ ಇಳಿಯೂದರಾಗ ಹುಡುಗೂರು ಉಂಡು ಮನಿಗಿ ಹೋಗಿರ್ತಾವು," ಎನ್ನುತ್ತಿದ್ದಳು. "ಮ್ಯಾಲಿನವರಿಗೆ ಫೋಟೊ ಬೇಕು. ಹುಡುಗೂರಿಗಿ ಯಾರು ಬೇಕು, ನೀನಽ ಹೇಳು."

ಜೂನಿನ ಮೊದಲ ರವಿವಾರ ಮಂಡಳಿಯಲ್ಲಿ ನಾನು ಎದ್ದು ನಿಂತು ವಿಷಯ ಹೇಳಿದೆ. ತಾಲೂಕಿನ ಕೇಬಲ್ ಆಪರೇಟರ್ ಬಸುವಿನ ಜೊತೆ ಆಗಲೇ ಫೋನಿನಲ್ಲಿ ಮಾತಾಡಿದ್ದೆ. ಒಂದೇ ದಾರಿಯಲ್ಲಿ ಐವತ್ತು ಮನೆ ಆದರೆ ಪಂಚಾಯ್ತಿಯಿಂದ ಲೈನ್ ಎಳೆಯುತ್ತೇನೆ, ಮನೆಗಳ ಪಟ್ಟಿ ಮತ್ತು ದಾರಿಯ ನಕ್ಷೆ ಕಳಿಸಿ ಎಂದಿದ್ದ. ದೊಡ್ಡಪ್ಪ ಆ ಎರಡೂ ಆಗುವುದಿಲ್ಲ ಎಂದದ್ದು ಆಗಲೇ. ಆದರೆ ಬೇಡ ಎನ್ನಲಿಲ್ಲ. ಆಗುವುದಿಲ್ಲ ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ನಮ್ಮಲ್ಲಿ ಬಹಳ ಅಂತರವಿದೆ.

ನಾನೊಂದು ಅರ್ಜಿ ತಯಾರಿಸಿದೆ. ಊರಿನಲ್ಲಿ ಮನೆ ಎಲ್ಲಿ, ಮನೆಯಲ್ಲಿ ಎಷ್ಟು ಜನ, ಲೈನ್ ಬೇಕೇ, ಸಹಿ. ಎರಡು ರವಿವಾರಗಳಲ್ಲಿ ಐವತ್ತು ದಾಟಿತು. ಎಲ್ಲರೂ ಉಮೇದಿನಿಂದಲೇ ಬರೆಸಿದರು. ಬಾಗಿಲ ಹತ್ತಿರ ಕೂತಿದ್ದ ಕೆಳಗಿನ ಓಣಿಯ ದುರ್ಗಪ್ಪ ಕಾಕಾ ಮಾತ್ರ ಅರ್ಜಿ ತೆಗೆದುಕೊಳ್ಳಲಿಲ್ಲ.

"ನಮ್ಮ ಓಣಿಗಿ ನೀರಿನ ಪೈಪೇ ಎಲ್ಲಾರ್‌ಕಿಂತ ಕಡೀಕ ಬಂದದ್ದು, ಮಗಳ. ಇದು ಬಂದಾಗ ನೋಡೂಣು."

ನಾನೂ ಒತ್ತಾಯ ಮಾಡಲಿಲ್ಲ. ಐವತ್ತು ಆಗಿತ್ತಲ್ಲ.

ನಕ್ಷೆಯನ್ನು ಚಾರ್ಟ್ ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಬರೆದು ತಂದೆ. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು.

"ಇದು ಊರೋ, ಒಣಾಕ ಹಾಕಿದ ಸಂಡಗಿಯೋ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಗೆರೆ ಸೊಟ್ಟ ಇದ್ದರೆ ಅವರಿಗೆ ತಡೆಯಲು ಆಗುವುದಿಲ್ಲ. ಲೈನ್‌ದೋರಿ ತಗೊಂಡು ಟೆರೇಸಿಗೆ ನಡೆಯಿರಿ ಎಂದರು. ಗೋಡೆ ಸೀದಾ ಬರಲೆಂದು ಗವಂಡಿಗಳು ಎಳೆದು ಹಿಡಿಯುವ ದಾರ ಅದು. ಪಾಯಕ್ಕೆ ಗುರುತು ಹಾಕುವ ಹಾಗೆಯೇ ಟೆರೇಸಿನ ಉದ್ದಗಲಕ್ಕೂ ದಾರ ಎಳೆದು, ಅದರ ಗುಂಟ ಸುಣ್ಣದ ಪುಡಿ ಉದುರಿಸುತ್ತ ಊರನ್ನು ಎಳೆದರು. ಪಂಚಾಯ್ತಿ, ಹೊಸ ರಸ್ತೆ, ಹನುಮಪ್ಪನ ಗುಡಿ, ಓಣಿಗಳು. ಪ್ರತಿ ಮನೆಗೂ ಒಂದು ಚೌಕ. ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಮನೆಯ ಚೌಕದಲ್ಲಿ ಹೋಗಿ ನಿಂತರು. ಯಾರೂ ನಿಲ್ಲಿ ಎಂದು ಹೇಳಿರಲಿಲ್ಲ.

ಜಗಳಗಳಾದವು. ಗುಡಿಯ ಮುಂದೆ ಬೇವಿನ ಮರ ಇದೆ ಎಂದರು ಕೆಲವರು. ಅದು ಬಿದ್ದು ಯಾವ ಕಾಲವಾಯಿತು ಎಂದರು ಉಳಿದವರು. ಒಬ್ಬರು ಹಾಳುಬಾವಿ ಎಳೆದ ಜಾಗದಲ್ಲಿ ಇನ್ನೊಬ್ಬರು ಹಿಟ್ಟಿನ ಗಿರಣಿ ಎಳೆದರು. ಪ್ರತಿಯೊಬ್ಬರೂ ತಾವು ಬಿಟ್ಟುಬಂದ ವರ್ಷದ ಊರನ್ನು ಎಳೆಯುತ್ತಿದ್ದರು. ಲೈನ್ ಎಲ್ಲಿ ಹೋಗಬೇಕು ಎಂಬುದಕ್ಕೆ ಮಾತ್ರ ಜಗಳವಾಗಲಿಲ್ಲ. ಹೊಸ ರಸ್ತೆಯ ಗುಂಟ. ಮುಂಬೈಯಲ್ಲಿ ದುಡಿದವರೆಲ್ಲ ಮನೆ ಕಟ್ಟಿಸಿದ್ದು ಅಲ್ಲೇ. ಸ್ಟೀಲಿನ ಕಟಕಟೆ, ಮೆಟ್ಟಿಲಿಗೆ ಗ್ರಾನೈಟು. ರಸ್ತೆ ಓಣಿಗಳ ಕಡೆ ತಿರುಗುವ ಮೂಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಚೌಕ ದೊಡ್ಡಪ್ಪನದು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಮಧ್ಯಾಹ್ನದ ಮಳೆ ಊರನ್ನು ತೊಳೆದು ಪೈಪಿನಲ್ಲಿ ಇಳಿಸಿತು. ಬಿಲ್ಡಿಂಗಿನ ಸೆಕ್ರೆಟರಿಗೆ ಟೆರೇಸು ಗುಡಿಸಿಕೊಡುತ್ತೇವೆಂದು ಮಾತು ಕೊಟ್ಟಿದ್ದೆವು. ಮಳೆಯೇ ಆ ಕೆಲಸ ಮುಗಿಸಿತು.

ಆಗಸ್ಟಿನಲ್ಲಿ ಬಸು ನಮ್ಮೂರಿಗೆ ಹೋಗಿ ನೋಡಿದ. ಮರುದಿನ ನಾನು ಮಸ್ಜಿದ್ ಸ್ಟೇಶನ್ನಿನ ಹತ್ತಿರ ಬ್ಯಾಂಕಿನ ಕೆಲಸಕ್ಕೆ ಹೋಗಿದ್ದಾಗ ಅವನ ಫೋನು ಬಂತು.

"ಅಕ್ಕಾರ, ಐವತ್ತು ಮನಿ ಬರದೀರಿ. ನಾ ರಸ್ತಾದ ಈ ತುದಿಯಿಂದ ಆ ತುದಿತನಕ ನಡದೆ. ನಾಕೈದು ಬಾಗಲಾ ತಗದಿದ್ವು. ಉಳಕಿದ್ದೆಲ್ಲಾ ಕೀಲಿ. ಕೀಲಿಗಿ ವೈಫೈ ಕೊಡ್ಲೇನ್ರಿ?"

ಬೀಗ ಜಡಿದ ಕದಗಳ, ಆ ಕೀಲಿಗಳ ಫೋಟೊಗಳನ್ನೂ ಕಳಿಸಿದ್ದ. ಒಂದರ ಮೇಲೆ ಜೇಡರ ಬಲೆ ಇತ್ತು. ಅದು ನಮ್ಮದು. ಕದದ ಹಸಿರು ಬಣ್ಣ ನೋಡಿ ಗುರುತು ಹಿಡಿದೆ.

ಮನೆಗೆ ಬಂದು ಅರ್ಜಿಗಳ ಕಟ್ಟು ಬಿಚ್ಚಿದೆ. ಮನೆಯಲ್ಲಿ ಎಷ್ಟು ಜನ ಎಂಬ ಸಾಲಿನಲ್ಲಿ ಐದು, ಆರು, ಎಂಟು ಎಂದಿತ್ತು. ಯಾರೂ ಸುಳ್ಳು ಬರೆಸಿರಲಿಲ್ಲ. ರೇಷನ್ ಕಾರ್ಡು ಅಲ್ಲಿ, ವೋಟು ಅಲ್ಲಿ, ದೇವರು ಅಲ್ಲಿ. ಮನೆ ಎಂದರೆ ಅದೇ, ಇಲ್ಲಿರುವುದು ಖೋಲಿ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಎಲ್ಲರೂ ತಮ್ಮನ್ನು ತಾವೇ ಎಣಿಸಿಕೊಂಡಿದ್ದರು. ನಮ್ಮ ಅರ್ಜಿಯನ್ನು ನಾನೇ ತುಂಬಿದ್ದೆ. ನಾಲ್ಕು ಜನ ಎಂದು ಬರೆದಿದ್ದೆ. ಆ ನಾಲ್ಕೂ ಜನ ಅವತ್ತು ಬೆಳಿಗ್ಗೆ ಆಂಟಾಪ್ ಹಿಲ್‌ನ ಎರಡನೇ ಮಾಳಿಗೆಯಲ್ಲಿ ಚಹಾ ಕುಡಿದು ಕೆಲಸಕ್ಕೆ ಹೋಗಿದ್ದೆವು. ಪದವಿಯ ಕೊನೆಯ ವರ್ಷದಲ್ಲಿದ್ದವಳು ಆ ಪ್ರಶ್ನೆ ಬರೆಯುವಾಗಲೂ ಯೋಚಿಸಲಿಲ್ಲ, ಉತ್ತರ ಬರೆಯುವಾಗಲೂ ಯೋಚಿಸಲಿಲ್ಲ.

ಮುಂದಿನ ರವಿವಾರ ವಿಷಯ ತಿಳಿಸಿದೆ. ಬಸು ದುರಾಸೆಯವನು ಎಂದರು ಒಬ್ಬರು. ದೀಪಾವಳಿಗೆ ಎಲ್ಲರೂ ಹೋಗುತ್ತೇವಲ್ಲ, ಆಗ ಬಂದು ನೋಡಲಿ ಎಂದರು ಇನ್ನೊಬ್ಬರು. ದೊಡ್ಡಪ್ಪ, "ಹೇಳಿದ್ನಿಲ್ಲ?" ಎಂದಷ್ಟೇ ಹೇಳಿ ತಂಬಾಕು ತಿಕ್ಕಿದರು.

"ದೊಡ್ಡಪ್ಪ, ನನ್ನ ಪತ್ರಕ್ಕ ಸಿಕ್ಕಾ..."

"ಅರ್ಧಾ ಎದ್ದ ಗೋಡಿಗಿ ನಾ ಎಂದೂ ಸಹಿ ಮಾಡಿದಾಂವಲ್ಲವಾ. ಕೆಲಸ ಆದ್ರ ಸಿಕ್ಕಾ. ಆಗಲಿಲ್ಲಂದ್ರ ಡಬ್ಬಿ ಬಾಯಿ ತಗಿಯೂದಿಲ್ಲ."

ವರದಿ ಕೊಡುವ ಕೊನೆಯ ದಿನ ದಸರಾ ಮುಗಿದ ಹತ್ತು ದಿನಕ್ಕಿತ್ತು. ನನ್ನ ಜೊತೆ ಓದುತ್ತಿದ್ದವಳೊಬ್ಬಳು ತನಗೆ ಗೊತ್ತಿದ್ದ ಬೇರೆ ಮಂಡಳಿಯ ಸಿಕ್ಕಾ ಹಾಕಿಸಿಕೊಡುತ್ತೇನೆ, ಎಲ್ಲ ಸುಸೂತ್ರವಾಯಿತು ಎಂದು ಬರೆದುಬಿಡು ಎಂದಳು. ಎರಡು ದಿನ ಅದನ್ನು ಯೋಚಿಸಿದೆ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರನೇ ದಿನ ಗಂಗಕ್ಕನಿಗೆ ಫೋನು ಮಾಡಿದೆ. ಊರಿನಲ್ಲಿ ನಿಜಕ್ಕೂ ಎಷ್ಟು ಮನೆಗಳಲ್ಲಿ ಜನ ಇದ್ದಾರೆ ಎಂದು ಕೇಳಿದೆ.

"ಮನಿ ಮನಿ ತಿರಗಾಡಾಕ ನನಗ ಪುರಸತ್ತಿಲ್ಲ," ಎಂದಳು. "ಒಂದು ಕೆಲಸಾ ಮಾಡೂಣು. ಮುಂಜಾನೆ ಏಳಕ್ಕ ಟಾಕಿ ಮ್ಯಾಲ ನಿಂತ್ರ ಎಲ್ಲಾರ ಅಂಗಳಾ ಕಾಣ್ತಾವು. ರಂಗೋಲಿ ಬಿದ್ದಿದ್ರ ಮನ್ಯಾಗ ಜನಾ ಅದಾರ. ಬಿದ್ದಿಲ್ಲಂದ್ರ ಇಲ್ಲ. ಅದರಾಗ ಕೇಳೂದೇನೈತಿ?"

ಈ ಲೆಕ್ಕವನ್ನು ನಾನು ಖೋಲಿಯಲ್ಲಿ ಓದಿ ಹೇಳಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಅದಕ್ಕೆ ಮತ್ತೆ ಟೆರೇಸು ಕೇಳಿ ಪಡೆದೆ. ಸೆಪ್ಟೆಂಬರಿನ ಒಂದು ರವಿವಾರ, ಬೆಳಿಗ್ಗೆ. ಮೋಡವಿತ್ತು, ಮಳೆ ಇನ್ನೂ ಬಂದಿರಲಿಲ್ಲ. ದೊಡ್ಡಪ್ಪ ಕೆಳಗೇ ಉಳಿದರು. ಅಪ್ಪ ದಾರದ ಒಂದು ತುದಿ ಹಿಡಿದ, ಇನ್ನೊಂದನ್ನು ನಾನು ಹಿಡಿದೆ. ಊರು ಮುಗಿಯುವ ಹೊತ್ತಿಗೆ ಜನ ಮೇಲೆ ಬಂದು ಹಿಂದಿನ ಸಲದಂತೆಯೇ ತಮ್ಮ ತಮ್ಮ ಚೌಕಗಳಲ್ಲಿ ನಿಂತರು. ಈ ಸಲ ಕೆಳಗಿನ ಓಣಿಯವರಿಗೂ ಬರಲು ಹೇಳಿದ್ದೆ. ದುರ್ಗಪ್ಪ ಕಾಕಾ ತನ್ನ ಚೌಕ ಹುಡುಕಿಕೊಂಡು ನಿಂತ. ಕೊನೆಗೆ ದೊಡ್ಡಪ್ಪ ಬಂದರು. ಸೀದಾ ಮೂಲೆಯ ದೊಡ್ಡ ಚೌಕಕ್ಕೆ ಹೋಗಿ, ಕೈ ಬೆನ್ನಿಗೆ ಕಟ್ಟಿ ನಿಂತರು. ಹಿಂದೆಯೇ ದೊಡ್ಡವ್ವ ಚಹಾದ ಕೆಟಲಿ ಹಿಡಿದು ಬಂದಳು.

ಸಿಮೆಂಟು ಹೊರುವ ಒಂದು ಘಮೇಲಿಯನ್ನು ಮಗುಚಿ ಹಾಕಿ ಅದರ ಮೇಲೆ ಫೋನು ಇಟ್ಟು ಸ್ಪೀಕರ್ ಹಾಕಿದೆ. ಗಂಗಕ್ಕ ಟಾಕಿಯ ಮೇಲಿದ್ದಳು. ಗಾಳಿಯ ಸದ್ದು ಕೇಳುತ್ತಿತ್ತು.

"ಕೇಳ್ರಿ ಎಲ್ಲಾರೂ. ನಾ ಒಂದೊಂದ ಮನಿ ಹೇಳ್ತೀನಿ. ರಂಗೋಲಿ ಇಲ್ಲಂದ್ರ ಮನಿಯಿಂದ ಹೊರಗ ಬರ್ರಿ. ಬೇಸರಾ ಮಾಡ್ಕೋಬ್ಯಾಡ್ರಿ." ಸ್ವಲ್ಪ ತಡೆದು, "ಮೊದಲ ನಮ್ಮವರದ ಹೇಳ್ತೀನಿ. ನಿಂಗಪ್ಪ ಮಾವಂದು. ರಂಗೋಲಿ ಇಲ್ಲ ಮಾವ. ಅಂಗಳದಾಗ ಹುಲ್ಲು ಮೊಣಕಾಲಮಟ ಬೆಳದೈತಿ," ಎಂದಳು.

ನಿಂಗಪ್ಪ ಎಂದರೆ ಅಪ್ಪ. ಅಪ್ಪ ಒಮ್ಮೆ ಕಾಲಬುಡ ನೋಡಿಕೊಂಡ. ಸುಣ್ಣದ ಗೆರೆ ಅಳಿಸದಂತೆ ಕಾಲು ಎತ್ತಿ ದಾಟಿ, ಟೆರೇಸಿನ ನೀರಿನ ಟಾಕಿಯ ಕಟ್ಟೆಯ ಮೇಲೆ ಹೋಗಿ ಕುಳಿತ. ಆಮೇಲೆ ಒಬ್ಬೊಬ್ಬರಾಗಿ ದಾಟಿದರು. ಕೆಲವರು ನಕ್ಕರು, ಕೆಲವರು ನಗಲಿಲ್ಲ. ಒಬ್ಬರು ತಮ್ಮ ಅಣ್ಣ ಊರಿನಲ್ಲೇ ಇದ್ದಾನೆ ಎಂದು ವಾದಿಸಿದರು. ಅವನು ಹೋದ ವರ್ಷವೇ ಮಗಳ ಮನೆ ಸೇರಿದ್ದನ್ನು ಗಂಗಕ್ಕ ಟಾಕಿಯ ಮೇಲಿಂದ ತಿಳಿಸಿದಳು.

"ಖಾಜಾಸಾಬ ಕಾಕಾರ ಮನ್ಯಾಗ ರಂಗೋಲಿ ಹಾಕೂದಿಲ್ಲ. ಆದ್ರ ಕಾಕಾ ಕಟ್ಟಿ ಮ್ಯಾಲ ಕುಂತು ಬೀಡಿ ಸೇದಾಕತ್ತಾರ. ಅದನ್ನ ಲೆಕ್ಕಕ್ಕ ಹಿಡೀರಿ."

ಅವರ ಮಗ ತನ್ನ ಚೌಕದಲ್ಲಿ ನಿಂತೇ, "ಸೇದಬ್ಯಾಡ ಅಂತ ಡಾಕ್ಟರು ಹೇಳ್ಯಾರಲ್ಲವಾ, ಕಸಗೋ ಅದನ್ನ," ಎಂದ. ಎಲ್ಲರೂ ಸ್ವಲ್ಪ ಸಡಿಲವಾದರು.

ಆಮೇಲೆ ಅವಳು, "ದೊಡ್ಡ ಮಾವಂದು," ಎಂದಳು. ಮುಂದೆ ಮಾತು ಬರಲಿಲ್ಲ. ಲೈನ್ ಕಟ್ಟಾಯಿತೆಂದು ನಾನು ಫೋನಿನತ್ತ ಬಗ್ಗಿದೆ.

"ಗಂಗಕ್ಕಾ, ಕೇಳಸ್ತದೇನ?"

"ಕೇಳಸ್ತದ." ಗಾಳಿಯ ಸದ್ದು. "ಕೀಲಿ ಐತಿ, ಮಾವ."

ದೊಡ್ಡಪ್ಪ ಅಲುಗಾಡಲಿಲ್ಲ. ಯಾರೂ ಅವರ ಕಡೆ ನೋಡಲಿಲ್ಲ. ಅಧ್ಯಕ್ಷರಾದ ಅವರು ಆ ಚೌಕದಲ್ಲಿ ನಿಂತಿರುವವರೆಗೆ ಯಾರೂ ದಾರಿ ಬದಲಿಸುವಂತಿಲ್ಲ; ಲೈನು ಹೊಸ ರಸ್ತೆಗೇ ಹೋಗಬೇಕು, ಬಸು ಬರುವುದಿಲ್ಲ, ನನ್ನ ವರದಿಯೂ ಅಲ್ಲಿಗೇ ನಿಲ್ಲುತ್ತದೆ. ಇದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಾತಾಡಿದವಳು ದೊಡ್ಡವ್ವ.

"ಯಾಕ ನಿಂತೀರಿ? ಚಾ ಆರಾಕತ್ತೈತಿ, ಬರ್ರಿ."

"ಮನಿ ನಂದಲ್ಲೇನು?"

"ನಿಮ್ದರೀ. ಇಲ್ಲಂದವರ್ಯಾರು? ಇರೂದು ಮೂರನೇ ಮಾಳಗ್ಯಾಗ, ಅಷ್ಟಽ."

ಅವರು ಬೆನ್ನಿಗೆ ಕಟ್ಟಿದ್ದ ಕೈ ಬಿಟ್ಟರು. ಆಮೇಲೆ ಟೆರೇಸಿನ ಮೇಲೆ ಇನ್ನೂ ನಿಂತೇ ಇದ್ದವರ ಕಡೆ ತಿರುಗಿದರು. ಊರಿನಲ್ಲಿ ತಾಯಿ ಇದ್ದವರು, ಹೆಂಡತಿ ಮಕ್ಕಳು ಇದ್ದವರು, ತಮ್ಮಂದಿರು ಇದ್ದವರು. ಹೆಚ್ಚಿನವರು ಕೆಳಗಿನ ಓಣಿಯಲ್ಲಿದ್ದರು. ಮೂಲೆಯಿಂದ ಹಿಡಿದು ಹನುಮಪ್ಪನ ಗುಡಿ ದಾಟಿ ಓಣಿಯ ಕೊನೆಯವರೆಗೆ, ಒಬ್ಬರ ಹಿಂದೆ ಒಬ್ಬರು. ದೊಡ್ಡಪ್ಪ ಒಂದು ಕಣ್ಣು ಕಿರಿದು ಮಾಡಿ ಆ ಸಾಲನ್ನು ನೋಡಿದರು. ಗೋಡೆ ಸೀದಾ ಬಂದಿದೆಯೇ ಎಂದು ನೋಡುವಾಗ ಅವರು ಮಾಡುತ್ತಿದ್ದುದು ಹಾಗೆಯೇ.

"ಲೈನ್ ಇಲ್ಲೇ ಐತಲ್ಲ," ಎಂದರು.

ಬಗ್ಗಿ ದಾರದ ಉಂಡೆ ಎತ್ತಿಕೊಂಡರು. ಗೆರೆ ದಾಟಿ ಹೊರಗೆ ಬಂದು, ಒಂದು ತುದಿಯನ್ನು ದುರ್ಗಪ್ಪ ಕಾಕಾನ ಕೈಗೆ ಕೊಟ್ಟರು.

"ಹಿಡಿ ದುರ್ಗಪ್ಪ. ಸಡ್ಲ ಬಿಡಬ್ಯಾಡ."

"ನಾ ಎಂದ ಸಡ್ಲ ಬಿಟ್ಟೀನಿ, ಧಣಿ? ಎಳಿಯೂವರು ಎಳೀಬೇಕು."

ಪಂಚಾಯ್ತಿಯಿಂದ ದಾರ ಬಂತು. ಓಣಿಗೆ ತಿರುಗುವ ಕಡೆ ಅದು ದೊಡ್ಡಪ್ಪನ ಚೌಕದ ಮೂಲೆಗೆ ತಾಗಿತು. ಅಲ್ಲಿ ಅವರು ನಿಂತರು. "ಇಲ್ಲೊಂದು ತಿರುವೈತಿ. ಕಂಬಾದರೂ ಬೇಕು, ಗೋಡಿಯಾದರೂ ಬೇಕು," ಎಂದರು. ಮಳೆ ಶುರುವಾಗುವ ಮುಂಚೆ ನನಗೆ ನಾಲ್ಕು ಫೋಟೊ ಸಿಕ್ಕವು. ಐದನೆಯದರಲ್ಲಿ ಊರಿಲ್ಲ, ಬಿಳಿ ನೀರು ಮಾತ್ರ ಇದೆ.

ಹೊಸ ಪಟ್ಟಿಯಲ್ಲಿ ಐವತ್ತು ಮನೆ ಇರಲಿಲ್ಲ. ನಲವತ್ತೆರಡಿದ್ದವು. ಬಸು ಫೋಟೊ ನೋಡಿದ. ಒಂದೇ ಸಾಲಿನಲ್ಲಿವೆ, ಕೀಲಿ ಇಲ್ಲ, ಅಷ್ಟು ಸಾಕು ಎಂದ. ಆದರೆ ತಿರುವಿನಲ್ಲಿ ಪೆಟ್ಟಿಗೆ ಕೂಡಿಸಲು ಮಳೆ ತಾಗದ ಒಂದು ಗೋಡೆ ಮತ್ತು ಕರೆಂಟು ಬೇಕು. ಅದಕ್ಕೆ ಹೊಸ ಕಂಬ, ಹೊಸ ಮೀಟರು ಎಂದರೆ ಈ ವರ್ಷ ಆಗುವುದಿಲ್ಲ ಎಂದೂ ಹೇಳಿದ.

ನಾನು ಇದನ್ನು ಹೇಳಲು ಮೂರನೇ ಮಾಳಿಗೆಗೆ ಹೋದೆ. ದೊಡ್ಡಪ್ಪ ಪೂರ್ತಿ ಕೇಳಲಿಲ್ಲ. ಎದ್ದು, ದೇವರ ಫೋಟೊದ ಪಕ್ಕದ ಮೊಳೆಯಿಂದ ಊರ ಮನೆಯ ಕೀಲಿಕೈ ತೆಗೆದರು. ಕರವಸ್ತ್ರದಲ್ಲಿ ಸುತ್ತಿ ಗಂಟು ಹಾಕಿ ನನ್ನ ಕೈಗಿಟ್ಟರು.

"ಸಾಯನ್ನಿಂದ ಊರ ಕಡೆ ಹೋಗೂ ಬಸ್ಸಿನ ಡ್ರೈವರನ ಕೈಯಾಗ ಕೊಡು, ಗಂಗವ್ವಗ ಮುಟ್ಟಸ್ತಾನ. ಪಡಸಾಲಿ ಹೊರಗೋಡಿ ಮ್ಯಾಲ ಛಜ್ಜಾ ಐತಿ, ನೀರ ಬೀಳೂದಿಲ್ಲ. ಮೊಳಿ ಹೊಡಿಯೂಮುಂದ ತುಸು ಸಾವಕಾಶ ಹೊಡಿ ಅನ್ನು ಅವಂಗ. ಪ್ಲಾಸ್ಟರ್ ಕಿತ್ತುಬಂದ್ರ ನಾ ಸುಮ್ಮನಿರೂದಿಲ್ಲ."

ದಸರಾ ಕಳೆದು ಐದನೇ ದಿನ ಗಂಗಕ್ಕ ವಿಡಿಯೊ ಕಾಲ್ ಮಾಡಿದಳು. ಟಾಕಿಯಿಂದಲ್ಲ, ಅಂಗನವಾಡಿಯ ಒಳಗಿಂದ. ಹಿಂದೆ ಮಕ್ಕಳು ಗದ್ದಲ ಮಾಡುತ್ತಿದ್ದವು. "ಹಾಜರಿ ಹೋತು, ಹುಡುಗೂರು ಇನ್ನಾ ಇಲ್ಲೇ ಅದಾವು," ಎಂದಳು. ಅಷ್ಟೇ. ಸಂಜೆ ಮತ್ತೆ ಮಾಡಿ, ಫೋನು ಹಿಡಿದು ಓಣಿಯ ಬಾಯಿಗೆ ನಡೆದು ಬಂದು ದೊಡ್ಡಪ್ಪನ ಮನೆ ತೋರಿಸಿದಳು. ಗೋಡೆಯ ಮೇಲೆ ಬೂದು ಬಣ್ಣದ ಪೆಟ್ಟಿಗೆ, ಅದರಲ್ಲಿ ಹಸಿರು ದೀಪ. ದೊಡ್ಡಪ್ಪ ನನ್ನ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ದೀಪವನ್ನಲ್ಲ, ಅದರ ಸುತ್ತಲಿನ ಗೋಡೆಯನ್ನು.

"ಬಣ್ಣಾ ಹೋಗೈತಿ," ಎಂದರು.

ಮಾರನೆಯ ದಿನ ಪ್ರಮಾಣಪತ್ರದ ಕಾಗದ ಹಿಡಿದು ಅವರ ಮುಂದೆ ಕುಳಿತೆ. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಕನ್ನಡದ್ದನ್ನು ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಕುಮಾರಿ ಮಾದೇವಿ, ತಂದೆ ನಿಂಗಪ್ಪ, ಈ ಕೆಲಸದಲ್ಲಿ ಮೊದಲಿನಿಂದ ಕೊನೆಯವರೆಗೆ ಇದ್ದಳು ಎಂದು ಅದರಲ್ಲಿತ್ತು. ಓದಿ ಮುಗಿಸಿ ಕನ್ನಡಕ ತೆಗೆದರು.

"ವರದ್ಯಾಗ ನನ್ನ ಮನಿ ಕೀಲಿ ಐತಿ ಅಂತ ಬರದಿಯೇನು?"

"ಬರದೀನ್ರಿ ದೊಡ್ಡಪ್ಪ."

"ಹೆಸರು ಹಿಡದು?"

"ಹೆಸರು ಹಿಡದು. ನಮ್ಮಪ್ಪಂದೂ ಬರದೀನಿ."

ಅವರು ಡಬ್ಬಿ ತೆಗೆದರು. ಸಿಕ್ಕಾವನ್ನು ಬಾಯಿಯ ಹತ್ತಿರ ಹಿಡಿದು ಊದಿ, ಎರಡೂ ಕಾಗದಗಳ ಮೇಲೆ ಒತ್ತಿದರು. ಕೆಳಗೆ ಸಹಿ ಮಾಡಿದರು. ಮಸಿ ಆರಲಿ ಎಂದು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು, ಆಮೇಲೆ ನನ್ನ ಕಡೆ ಚಾಚಿದರು.

"ಗೋಡಿ ಸೀದಾ ಐತಿ ಅಂತನೂ ಬರಿ."